ಯುನಿಕ್ಸ್ ಗಣಕಗಳಲ್ಲಿ ಜಾಲಕಡತಗಳ ಜೋಡಣೆ: ಸರ್ವರಿನ ಮರೆವು, ಕ್ಲೈಂಟಿನ ಕಾಯುವಿಕೆ

೧

೧೯೮೫ರ ಬೇಸಗೆಯಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಪೋರ್ಟ್‌ಲೆಂಡ್ ನಗರದಲ್ಲಿ ಯೂಸೆನಿಕ್ಸ್ ಎಂಬ ಯುನಿಕ್ಸ್ ಬಳಕೆದಾರರ ಸಂಘದ ಸಮ್ಮೇಳನವು ಜರುಗಿತು. ಅಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಎಂಬ ಗಣಕಸಂಸ್ಥೆಯ ರಸೆಲ್ ಸ್ಯಾಂಡ್‌ಬರ್ಗ್, ಡೇವಿಡ್ ಗೋಲ್ಡ್‌ಬರ್ಗ್, ಸ್ಟೀವ್ ಕ್ಲೈಮನ್, ಡ್ಯಾನ್ ವಾಲ್ಷ್ ಮತ್ತು ಬಾಬ್ ಲಯನ್ ಎಂಬ ಐವರು ಕೂಡಿ ಬರೆದ ಪ್ರಬಂಧವೊಂದು ಮಂಡಿತವಾಯಿತು. ಒಂದು ಗಣಕದ ಡಿಸ್ಕಿನಲ್ಲಿರುವ ಕಡತಗಳನ್ನು ಇನ್ನೊಂದು ಗಣಕವು ಜಾಲದ ಮೂಲಕ ತನ್ನವೇ ಎಂಬಂತೆ ಬಳಸಿಕೊಳ್ಳುವ ವ್ಯವಸ್ಥೆಯೇ ಅದರ ವಿಷಯ. ನೆಟ್‌ವರ್ಕ್ ಫೈಲ್ ಸಿಸ್ಟಮ್, ಸಂಕ್ಷೇಪವಾಗಿ ಎನ್.ಎಫ್.ಎಸ್., ಎಂಬ ಹೆಸರಿನಿಂದ ಅದು ಮುಂದೆ ಜಗತ್ಪ್ರಸಿದ್ಧವಾಯಿತು.

ಕಡತಗಳನ್ನು ಕಾಯ್ದುಕೊಡುವ ಸರ್ವರ್ ಯಂತ್ರವು ಕುಸಿದು ಮರಳಿ ಎದ್ದಾಗಲೂ ಈ ವ್ಯವಸ್ಥೆ ಕೆಡದೆ ಮುಂದುವರಿಯುವುದಕ್ಕೆ ಕಾರಣವೇನು? ಪಠ್ಯಪುಸ್ತಕಗಳು ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ: ಸರ್ವರ್ ಯಾರ ಲೆಕ್ಕವನ್ನೂ ನೆನಪಿನಲ್ಲಿ ಇಟ್ಟುಕೊಳ್ಳುವುದಿಲ್ಲ, ನೆನಪೇ ಇಲ್ಲದವನಿಗೆ ಕಳೆದುಕೊಳ್ಳುವ ಭಯವಿಲ್ಲ. ಈ ಉತ್ತರ ಸುಳ್ಳಲ್ಲ. ಆದರೆ ಅರ್ಧಸತ್ಯವೆಂದು ನಮ್ಮ ಅಭಿಪ್ರಾಯ. ಸರ್ವರಿನ ಮರೆವು ಚೇತರಿಕೆಯನ್ನು ಸುಲಭಗೊಳಿಸಿತು, ನಿಜ. ಆದರೆ ಅದರ ಭಾರವು ಕ್ಲೈಂಟಿನ ಮೇಲೆಯೂ, ಅದರ ಮುಂದೆ ಕುಳಿತು ಕಾಯುವ ಮನುಷ್ಯನ ಮೇಲೆಯೂ ಬಿದ್ದಿತು. ಆ ಭಾರವನ್ನು ಯಾರು ಎಷ್ಟು ಹೊರಬೇಕೆಂಬ ವಿವಾದವೇ ಮುಂದಿನ ಮೂರು ದಶಕಗಳ ಚರಿತ್ರೆ. ಆ ಅವಧಿಯಲ್ಲಿ, ಹೊರಹಾಕಲ್ಪಟ್ಟಿದ್ದ ನೆನಪು ತುಂಡುತುಂಡಾಗಿ ಮನೆಯೊಳಕ್ಕೆ ಹಿಂದಿರುಗಿತು. ಇದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ನಮಗೆ ದೊರೆಯುವ ಆಧಾರಗಳು ಮೂರು ಬಗೆಯವು. ಸಮ್ಮೇಳನಗಳ ಪ್ರಬಂಧಗಳು ಒಂದು, ಆರ್.ಎಫ್.ಸಿ. ಎಂಬ ಹೆಸರಿನಲ್ಲಿ ಪ್ರಕಟವಾಗುವ ಅಂತರಜಾಲದ ವಿಧಿಪತ್ರಗಳು ಎರಡನೆಯದು. ಯಂತ್ರಗಳೊಡನೆ ಬರುತ್ತಿದ್ದ ಕೈಪಿಡಿಗಳು ಮೂರನೆಯದು. ಇವುಗಳಲ್ಲಿ ಕೈಪಿಡಿಗಳನ್ನು ಇತಿಹಾಸಕಾರರು ಅಷ್ಟಾಗಿ ಗಮನಿಸಿಲ್ಲ. ಪ್ರಬಂಧಕಾರರು ತಮ್ಮ ಕೃತಿಯ ಗುಣವನ್ನು ಹೇಳುತ್ತಾರೆ. ಕೈಪಿಡಿಯಾದರೋ ಎಲ್ಲಿ ಎಡವಬಹುದೆಂಬುದನ್ನು ಹೇಳಲೇಬೇಕಾಗುತ್ತದೆ. ಆದಕಾರಣ ಪ್ರಸ್ತುತ ವಿಷಯಕ್ಕೆ ಅದೇ ಹೆಚ್ಚು ಬೆಲೆಯುಳ್ಳ ಸಾಕ್ಷಿ.

೨

ಮೊದಲು ‘ಮೌಂಟ್’ ಎಂಬ ಮಾತಿನ ಅರ್ಥವನ್ನು ತಿಳಿಯುವುದು ಅವಶ್ಯಕ. ಬೆಲ್ ಪ್ರಯೋಗಾಲಯದಲ್ಲಿ ೧೯೬೯ರಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರಿಂದ ಹುಟ್ಟಿದ ಯುನಿಕ್ಸ್ ವ್ಯವಸ್ಥೆಯಲ್ಲಿ ಕಡತಗಳೆಲ್ಲವೂ ಒಂದೇ ಮರದ ಕೊಂಬೆರೆಂಬೆಗಳಂತೆ ಇರುತ್ತವೆ. ಹೊಸದೊಂದು ಡಿಸ್ಕನ್ನು ತಂದರೆ ಅದಕ್ಕೆ ಬೇರೆ ಹೆಸರಿಲ್ಲ. ಇರುವ ಮರದ ಒಂದು ಬರಿದಾದ ಡೈರೆಕ್ಟರಿಗೆ ಅದನ್ನು ಜೋಡಿಸುತ್ತಾರೆ. ಈ ಜೋಡಣೆಯೇ ಮೌಂಟ್. ಜೋಡಿಸಿದ ಮೇಲೆ ಬಳಕೆದಾರನಿಗೆ ಅದು ಬೇರೆ ಡಿಸ್ಕೆಂಬ ಅರಿವೇ ಇರಬೇಕಾಗಿಲ್ಲ. ಯಾವ ಡಿಸ್ಕು ಎಲ್ಲಿಗೆ ಸೇರಬೇಕೆಂಬ ಪಟ್ಟಿಯನ್ನು ಯಂತ್ರವು ಪ್ರಾರಂಭವಾಗುವಾಗ ಓದಿಕೊಂಡು ತಾನೇ ಜೋಡಣೆಗಳನ್ನು ಮಾಡುತ್ತದೆ.

ಸ್ಥಳೀಯ ಡಿಸ್ಕಿನ ವಿಷಯದಲ್ಲಿ ಈ ಏರ್ಪಾಡು ಒಂದು ಮೌನವಾದ ನಂಬಿಕೆಯ ಮೇಲೆ ನಿಂತಿದೆ. ಡಿಸ್ಕು ಕೆಟ್ಟರೆ ಯಂತ್ರವೂ ಬಹುಮಟ್ಟಿಗೆ ಕೆಟ್ಟಂತೆಯೇ. ಅರ್ಧ ಬದುಕಿ ಅರ್ಧ ಸತ್ತ ಸ್ಥಿತಿಯನ್ನು ಆ ಕಾಲದ ಪ್ರೋಗ್ರಾಂಗಳನ್ನು ಬರೆದವರು ಎಣಿಸಿಯೇ ಇರಲಿಲ್ಲ. ಡಿಸ್ಕಿನಿಂದ ಓದುವ ಕೆಲಸ ಕ್ಷಣಮಾತ್ರದಲ್ಲಿ ಮುಗಿಯುತ್ತದೆಂಬ ಭರವಸೆಯಿಂದ, ಆ ಕ್ಷಣದಲ್ಲಿ ಪ್ರೋಗ್ರಾಮನ್ನು ಯಾವ ಆಜ್ಞೆಯೂ ತಡೆಯದಂತೆ ಕರ್ನಲ್ ಅದನ್ನು ಮಲಗಿಸಿಡುತ್ತಿತ್ತು. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಮುಂದೆ ಇದರಿಂದಲೇ ಬಹಳ ಕಷ್ಟ ಉಂಟಾಯಿತು.

೧೯೮೨ರ ಫೆಬ್ರವರಿಯಲ್ಲಿ ವಿನೋದ್ ಖೋಸ್ಲಾ, ಆಂಡ್ರಿಯಾಸ್ ಬೆಕ್ಟೋಲ್‌ಶೈಮ್, ಸ್ಕಾಟ್ ಮೆಕ್‌ನೀಲಿ ಮತ್ತು ಬಿಲ್ ಜಾಯ್ ಇವರಿಂದ ಸ್ಥಾಪಿತವಾದ ಸನ್ ಸಂಸ್ಥೆಯು ಒಬ್ಬೊಬ್ಬರ ಮೇಜಿನ ಮೇಲೆ ಒಂದೊಂದು ಯುನಿಕ್ಸ್ ಯಂತ್ರವನ್ನಿಡಲು ಹೊರಟಿತು. ಡಿಸ್ಕುಗಳ ಬೆಲೆ ಆಗ ವಿಪರೀತವಾಗಿದ್ದಿತು. ಆದ್ದರಿಂದ ಡಿಸ್ಕೇ ಇಲ್ಲದ ಯಂತ್ರಗಳನ್ನು ಮಾಡಿ, ಸರ್ವರಿನ ಡಿಸ್ಕನ್ನು ಈಥರ್‌ನೆಟ್ ಜಾಲದ ಮೂಲಕ ಒದಗಿಸುವ ಉಪಾಯವನ್ನು ಕೈಗೊಂಡರು. ಅದರ ಮೊದಲ ರೂಪವು ಕಡತಗಳನ್ನಲ್ಲ, ಡಿಸ್ಕಿನ ಖಂಡಗಳನ್ನು ಮಾತ್ರ ಹಂಚುತ್ತಿತ್ತು. ಒಂದೇ ಖಂಡಕ್ಕೆ ಇಬ್ಬರು ಬರೆಯುವಂತಿರಲಿಲ್ಲ. ಕಡತಗಳನ್ನೇ ಹಂಚಿಕೊಳ್ಳುವ ವ್ಯವಸ್ಥೆಯ ಕೆಲಸ ೧೯೮೪ರ ಮಾರ್ಚಿಯಲ್ಲಿ ಆರಂಭವಾಗಿ, ಮರುವರ್ಷ ಸನ್ ಓಎಸ್ ೨.೦ ಎಂಬ ಆವೃತ್ತಿಯೊಡನೆ ಗ್ರಾಹಕರ ಕೈಸೇರಿತು. ಸ್ಥಳೀಯ ಡಿಸ್ಕಿನ ವೇಗದಲ್ಲಿ ಶೇಕಡಾ ೮೦ರಷ್ಟನ್ನು ಮುಟ್ಟುವುದು ಕರ್ತೃಗಳು ತಮಗೆ ಹಾಕಿಕೊಂಡ ಗುರಿಗಳಲ್ಲಿ ಒಂದು. ಕುಸಿತದಿಂದ ಸುಲಭವಾಗಿ ಚೇತರಿಸಿಕೊಳ್ಳುವುದು ಮತ್ತೊಂದು.

ಈ ಎರಡನೆಯ ಗುರಿಯೇ ಇಲ್ಲಿ ಮುಖ್ಯ. ಇದಕ್ಕಾಗಿ ಅವರು ಅನುಸರಿಸಿದ ಮಾರ್ಗ ಹೀಗಿದೆ. ಕಡತವನ್ನು ‘ತೆರೆ’, ‘ಮುಚ್ಚು’ ಎಂಬ ಕೋರಿಕೆಗಳೇ ಎನ್.ಎಫ್.ಎಸ್. ಪ್ರೋಟೋಕಾಲಿನಲ್ಲಿ ಇಲ್ಲ. ೧೯೮೯ರ ಮಾರ್ಚಿಯಲ್ಲಿ ಆರ್.ಎಫ್.ಸಿ. ೧೦೯೪ ಎಂಬ ವಿಧಿಪತ್ರವಾಗಿ ಪ್ರಕಟವಾದ ಎರಡನೆಯ ಆವೃತ್ತಿಯಲ್ಲಿ ಒಟ್ಟು ೧೮ ಬಗೆಯ ಕೋರಿಕೆಗಳಿವೆ. ಪ್ರತಿಯೊಂದು ಕೋರಿಕೆಯೂ ಸ್ವಯಂಪೂರ್ಣ: ಇಂಥ ಕಡತದಲ್ಲಿ, ಇಂಥ ಸ್ಥಾನದಿಂದ, ಇಷ್ಟು ಅಕ್ಷರಗಳನ್ನು ಕೊಡು ಎಂದು ಎಲ್ಲವನ್ನೂ ಅದರಲ್ಲಿಯೇ ಹೇಳಿರುತ್ತದೆ. ಕಡತದ ಗುರುತಿಗಾಗಿ ಸರ್ವರ್ ಕೊಟ್ಟ ೩೨ ಬೈಟುಗಳ ‘ಫೈಲ್ ಹ್ಯಾಂಡಲ್’ ಎಂಬ ಮುದ್ರೆಯೊಂದನ್ನು ಕ್ಲೈಂಟ್ ತನ್ನ ಬಳಿ ಇಟ್ಟುಕೊಂಡು ಪ್ರತಿಸಲವೂ ತೋರಿಸುತ್ತದೆ. ಸರ್ವರ್ ಕುಸಿದು ಮರಳಿ ಎದ್ದಾಗ ಅದಕ್ಕೆ ಯಾರನ್ನೂ ವಿಚಾರಿಸುವ ಅಗತ್ಯವಿಲ್ಲ. ಮುಂದಿನ ಕೋರಿಕೆ ಬಂದೊಡನೆ ಉತ್ತರಿಸಿದರೆ ಸಾಕು. ಕ್ಲೈಂಟಿಗೆ ಕುಸಿದ ಸರ್ವರಿಗೂ ನಿಧಾನವಾದ ಸರ್ವರಿಗೂ ಭೇದವೇ ತೋರುವುದಿಲ್ಲ. ಉತ್ತರ ಬರುವತನಕ ಅದು ಕೇಳುತ್ತಲೇ ಇರುತ್ತದೆ.

ಕೇಳುತ್ತಲೇ ಇರುತ್ತದೆ ಎಂದೆವು. ಎಲ್ಲಿಯವರೆಗೆ?

೩

ಇದಕ್ಕೆ ಸನ್ ಸಂಸ್ಥೆಯ ಕೈಪಿಡಿಗಳು ಎರಡು ಉತ್ತರಗಳನ್ನು ಕೊಟ್ಟವು. ಆರಿಸಿಕೊಳ್ಳುವ ಹೊಣೆಯನ್ನು ಯಂತ್ರಪಾಲಕನಿಗೆ ಬಿಟ್ಟವು. ‘ಹಾರ್ಡ್’ ಎಂದು ಜೋಡಿಸಿದರೆ ಕ್ಲೈಂಟ್ ಅನಂತಕಾಲ ಕೇಳುತ್ತಿರುತ್ತದೆ. ‘ಸಾಫ್ಟ್’ ಎಂದು ಜೋಡಿಸಿದರೆ ನಿಯತವಾದಷ್ಟು ಸಲ ಕೇಳಿ, ಉತ್ತರ ಬಾರದಿದ್ದರೆ ಪ್ರೋಗ್ರಾಮಿಗೆ ದೋಷಸೂಚನೆಯನ್ನು ಕೊಟ್ಟು ಕೈಬಿಡುತ್ತದೆ. ಮುಂದೆ ಲಿನಕ್ಸ್ ವ್ಯವಸ್ಥೆಗೆ ಬಂದ ಹಳೆಯ ಕೈಪಿಡಿಯೊಂದರಲ್ಲಿ ಈ ಕೇಳುವಿಕೆಯ ಲಯವನ್ನು ವಿವರವಾಗಿ ಹೇಳಿದೆ. ಮೊದಲ ಸಲ ಒಂದು ಸೆಕೆಂಡಿನ ಹತ್ತರಲ್ಲಿ ೭ ಭಾಗ ಕಾಯುವುದು. ಅನಂತರ ಪ್ರತಿಸಲವೂ ಅವಧಿಯನ್ನು ಇಮ್ಮಡಿಗೊಳಿಸುವುದು. ೬೦ ಸೆಕೆಂಡುಗಳನ್ನು ಮೀರಕೂಡದು. ೩ ಸಲ ಮರಳಿ ಕೇಳಿದ ಮೇಲೆ ಸಾಫ್ಟ್ ಜೋಡಣೆಯಾಗಿದ್ದರೆ ಬಿಟ್ಟುಬಿಡುವುದು, ಹಾರ್ಡ್ ಆಗಿದ್ದರೆ ಪರದೆಯ ಮೇಲೆ ಎಚ್ಚರಿಕೆ ಬರೆದು ಮತ್ತೆ ಮೊದಲುಮಾಡುವುದು. ‘ಸರ್ವರ್ ಉತ್ತರಿಸುತ್ತಿಲ್ಲ, ಇನ್ನೂ ಪ್ರಯತ್ನಿಸಲಾಗುತ್ತಿದೆ’ ಎಂಬರ್ಥದ ಆ ಒಂದು ಸಾಲು ೧೯೮೦-೯೦ರ ದಶಕಗಳಲ್ಲಿ ಯುನಿಕ್ಸ್ ಯಂತ್ರಗಳಲ್ಲಿ ದುಡಿದವರಿಗೆಲ್ಲ ಕಂಠಪಾಠವಾಗಿದ್ದಿತು.

ಮೇಲ್ನೋಟಕ್ಕೆ ಸಾಫ್ಟ್ ಮಾರ್ಗವೇ ವಿವೇಕದ್ದೆಂದು ತೋರುತ್ತದೆ. ಉತ್ತರ ಕೊಡದವನ ಬಾಗಿಲಲ್ಲಿ ಎಷ್ಟು ಹೊತ್ತು ನಿಲ್ಲುವುದು? ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಪ್ರೋಗ್ರಾಂ ಒಂದು ಕಡತಕ್ಕೆ ಬರೆದಾಗ ಆ ಅಕ್ಷರಗಳು ಒಡನೆಯೇ ಜಾಲಕ್ಕೆ ಹೋಗುವುದಿಲ್ಲ. ಕ್ಲೈಂಟ್ ಅವುಗಳನ್ನು ತನ್ನ ಸ್ಮೃತಿಯಲ್ಲಿ ಕೂಡಿಟ್ಟು ಅನಂತರ ಕಳುಹಿಸುತ್ತದೆ. ಆ ವೇಳೆಗೆ ‘ಬರೆದಾಯಿತು’ ಎಂಬ ಉತ್ತರವನ್ನು ಪ್ರೋಗ್ರಾಂ ಪಡೆದಾಗಿರುತ್ತದೆ. ಕಳುಹಿಸುವಾಗ ಸರ್ವರ್ ಉತ್ತರಿಸದೆ ಸಾಫ್ಟ್ ಗಡುವು ತೀರಿದರೆ ದೋಷಸೂಚನೆಯು ಮುಂದಿನ ಯಾವುದೋ ಬರವಣಿಗೆಯ ವೇಳೆಗೋ, ಕಡತವನ್ನು ಮುಚ್ಚುವ ವೇಳೆಗೋ ತಲಪುತ್ತದೆ. ಕಡತ ಮುಚ್ಚುವಾಗ ದೋಷವುಂಟೋ ಎಂದು ಪರೀಕ್ಷಿಸುವ ಪ್ರೋಗ್ರಾಂಗಳು ವಿರಳ. ಸ್ಥಳೀಯ ಡಿಸ್ಕಿನಲ್ಲಿ ಹಾಗೆ ಆಗುವ ಸಂಭವವೇ ಕಡಮೆಯಾಗಿದ್ದುದರಿಂದ ಅದನ್ನು ಬರೆದವರನ್ನು ದೂಷಿಸುವಂತಿಲ್ಲ. ಪರಿಣಾಮವೇನೆಂದರೆ, ಕಡತದ ನಡುವಣ ಭಾಗವೊಂದು ಬಿದ್ದುಹೋಗಿರುತ್ತದೆ, ಯಾರಿಗೂ ತಿಳಿದಿರುವುದಿಲ್ಲ. ಸಾಫ್ಟ್ ಗಡುವಿನಿಂದ ದತ್ತಾಂಶವು ಸದ್ದಿಲ್ಲದೆ ಕೆಡುವ ಸಂದರ್ಭಗಳುಂಟೆಂದು ಲಿನಕ್ಸ್ ಕೈಪಿಡಿಯೇ ಸ್ಪಷ್ಟವಾಗಿ ಎಚ್ಚರಿಸುತ್ತದೆ.

ಹಾರ್ಡ್ ಮಾರ್ಗದಲ್ಲಿ ಈ ನಷ್ಟವಿಲ್ಲ, ಬದಲಾಗಿ ಸ್ತಂಭನವಿದೆ. ಡಿಸ್ಕಿನ ಕೆಲಸ ಕ್ಷಣಮಾತ್ರದ್ದೆಂದು ನಂಬಿ ಪ್ರೋಗ್ರಾಮನ್ನು ತಡೆಯಲಾಗದಂತೆ ಮಲಗಿಸುವ ಪದ್ಧತಿಯನ್ನು ಹಿಂದೆ ಹೇಳಿದೆವಷ್ಟೆ. ಆ ಕ್ಷಣವು ಈಗ ಸರ್ವರ್ ಎಚ್ಚರಗೊಳ್ಳುವವರೆಗೆ, ಗಂಟೆಗಳವರೆಗೆ, ಬೆಳೆಯಿತು. ಕೊಲ್ಲುವ ಆಜ್ಞೆಯನ್ನು ಕೊಟ್ಟರೂ ಅಂಥ ಪ್ರೋಗ್ರಾಂ ಸಾಯದು. ಇದಕ್ಕೆ ಪರಿಹಾರವಾಗಿ ‘ಇಂಟರ್’ ಎಂಬ ಐಚ್ಛಿಕ ಸೂಚನೆಯನ್ನು ಸೇರಿಸಿ, ಕಾಯುತ್ತಿರುವ ಪ್ರೋಗ್ರಾಮನ್ನು ಬಳಕೆದಾರನು ಬಿಡಿಸಿಕೊಳ್ಳಲು ಅವಕಾಶ ಕೊಟ್ಟರು. ಬರೆಯುವ ಜೋಡಣೆಗಳಿಗೆ ಹಾರ್ಡ್ ಮತ್ತು ಇಂಟರ್ ಎರಡನ್ನೂ ಕೂಡಿಸಿ ಬಳಸುವುದು, ಬರಿಯ ಓದಿನ ಜೋಡಣೆಗಳಿಗೆ ಬೇಕಾದರೆ ಸಾಫ್ಟ್ ಬಳಸುವುದು ಯಂತ್ರಪಾಲಕರಲ್ಲಿ ನೆಲೆಗೊಂಡ ಸಂಪ್ರದಾಯ. ಯಾವುದೇ ಪ್ರೋಟೋಕಾಲಿನಲ್ಲಿ ಬರೆದ ನಿಯಮವಲ್ಲ ಇದು. ಎನ್.ಎಫ್.ಎಸ್. ಗಳಿಸಿದ ವಿಶ್ವಾಸಾರ್ಹತೆಯಲ್ಲಿ ಇಂಥ ಸಂಪ್ರದಾಯಗಳ ಪಾಲು, ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವುದಕ್ಕಿಂತ ಬಹಳ ದೊಡ್ಡದು.

೪

ಮೇಲಿನ ಮಾತಿಗೆ ಇನ್ನೂ ಬಲವಾದ ಸಾಕ್ಷಿ ಯಂತ್ರಗಳ ಪ್ರಾರಂಭದ ಸಮಯದ ತೊಡಕುಗಳಲ್ಲಿ ದೊರೆಯುತ್ತದೆ. ಒಂದು ಕಟ್ಟಡದಲ್ಲಿ ಎರಡು ಸರ್ವರುಗಳಿವೆಯೆಂದು ಭಾವಿಸೋಣ. ಮೊದಲನೆಯದು ಎರಡನೆಯದರ ಕಡತಗಳನ್ನೂ, ಎರಡನೆಯದು ಮೊದಲನೆಯದರ ಕಡತಗಳನ್ನೂ ಜೋಡಿಸಿಕೊಂಡಿವೆ. ದಿನನಿತ್ಯದಲ್ಲಿ ಇದರಿಂದ ಬಾಧಕವಿಲ್ಲ. ವಿದ್ಯುತ್ತು ಹೋಗಿ ಮರಳಿ ಬಂದಿತೆನ್ನಿ. ಎರಡೂ ಒಟ್ಟಿಗೆ ಏಳುತ್ತವೆ; ತನ್ನ ಸೇವೆಯನ್ನು ತೆರೆಯುವ ಮುನ್ನ ಪ್ರತಿಯೊಂದೂ ಪಟ್ಟಿಯಲ್ಲಿರುವ ಜೋಡಣೆಗಳನ್ನು ಮುಗಿಸಲು ಹೊರಡುತ್ತದೆ; ಅದಕ್ಕೆ ಇನ್ನೊಂದರ ಸೇವೆ ಬೇಕು. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ನಿಂತುಬಿಡುತ್ತಾರೆ. ನೆನಪಿಲ್ಲದ ಸರ್ವರ್ ಕುಸಿತದಿಂದ ಸುಲಭವಾಗಿ ಏಳುತ್ತದೆಂಬ ಸಿದ್ಧಾಂತವು ಇಲ್ಲಿ ಕೆಲಸಕ್ಕೆ ಬಾರದೆ ಹೋಯಿತೆಂಬುದನ್ನು ಗಮನಿಸಬೇಕು. ಪ್ರೋಟೋಕಾಲಿನಲ್ಲಿ ದೋಷವಿರಲಿಲ್ಲ, ಜೋಡಣೆಯ ಕ್ರಮದಲ್ಲಿದ್ದಿತು.

ಪರಿಹಾರವಾಗಿ ಬಂದುದು ‘ಹಿನ್ನೆಲೆಯ ಜೋಡಣೆ’. ಮೊದಲ ಸಲ ಕೇಳಿದಾಗ ಉತ್ತರ ಬಾರದಿದ್ದರೆ ಆ ಕೆಲಸವನ್ನು ಹಿಂದಕ್ಕೆ ತಳ್ಳಿ, ಯಂತ್ರದ ಪ್ರಾರಂಭವು ಮುಂದುವರಿಯುತ್ತದೆ. ಹಿಂದೆ ಉಳಿದ ಕೆಲಸ ಆಗಾಗ್ಗೆ ಮರಳಿ ಪ್ರಯತ್ನಿಸುತ್ತಿರುತ್ತದೆ. ಎಷ್ಟು ಕಾಲ? ಲಿನಕ್ಸ್ ಕೈಪಿಡಿ ಹೇಳುವ ಅವಧಿ ೧೦,೦೦೦ ನಿಮಿಷ, ಎಂದರೆ ಒಂದು ವಾರಕ್ಕೆ ಸ್ವಲ್ಪವೇ ಕಡಮೆ. ಸೆಕೆಂಡಿನ ಭಾಗಗಳನ್ನು ಎಣಿಸುವ ಶಾಸ್ತ್ರದಲ್ಲಿ ಈ ಸಂಖ್ಯೆ ವಿಚಿತ್ರವಾಗಿ ಕಂಡೀತು. ಅದರಲ್ಲಿ ಮನುಷ್ಯಲೋಕದ ಲೆಕ್ಕವಿದೆಯೆಂದು ನಾವು ಊಹಿಸುತ್ತೇವೆ: ಶನಿವಾರ ಕೆಟ್ಟ ಸರ್ವರಿಗೆ ಸೋಮವಾರ ಬಿಡಿಭಾಗ ತರಿಸಿ ಬುಧವಾರ ರಿಪೇರಿ ಮಾಡಿದರೂ ಕ್ಲೈಂಟ್ ಬಾಗಿಲಲ್ಲೇ ನಿಂತಿರಬೇಕು.

ಹಿನ್ನೆಲೆಯ ಜೋಡಣೆಯಿಂದ ಹೊಸದೊಂದು ಅಪಾಯವೂ ಹುಟ್ಟಿತು. ಜೋಡಣೆ ಆಗುವ ಮೊದಲು ಆ ಸ್ಥಳದಲ್ಲಿ ಬರಿದಾದ ಸ್ಥಳೀಯ ಡೈರೆಕ್ಟರಿ ಇರುತ್ತದೆಯಷ್ಟೆ. ಅಷ್ಟರಲ್ಲಿ ಯಾವುದಾದರೂ ಪ್ರೋಗ್ರಾಂ ಓಡತೊಡಗಿ ಅಲ್ಲಿ ಕಡತಗಳನ್ನು ಬರೆದರೆ ಅವು ಸ್ಥಳೀಯ ಡಿಸ್ಕಿನಲ್ಲಿ ಸೇರುತ್ತವೆ. ಆಮೇಲೆ ಸರ್ವರ್ ಎದ್ದು ಜೋಡಣೆ ನೆರವೇರಿದಾಗ ಅವುಗಳ ಮೇಲೆ ಪರದೆ ಎಳೆದಂತಾಗುತ್ತದೆ: ಕಡತಗಳು ಇವೆ, ಆದರೆ ಕಾಣವು. ಬರಿದಾದ ಡೈರೆಕ್ಟರಿಗೆ ಯಾರೂ ಬರೆಯದಂತೆ ಅನುಮತಿಯನ್ನು ಕಿತ್ತುಹಾಕಿ ಇಡುವ ರೂಢಿಯನ್ನು ಎಚ್ಚರಿಕೆಯುಳ್ಳ ಯಂತ್ರಪಾಲಕರು ಇಟ್ಟುಕೊಂಡರು. ಸರ್ವಾಧಿಕಾರವುಳ್ಳ ‘ರೂಟ್’ ಬಳಕೆದಾರನಿಗೆ ಈ ತಡೆ ತಟ್ಟದು. ಹಾಗೆ ಬರೆಯುವ ಪ್ರೋಗ್ರಾಂಗಳಲ್ಲಿ ಅನೇಕವು ಅವನ ಹೆಸರಿನಲ್ಲಿಯೇ ಓಡುತ್ತಿದ್ದವು.

ಇನ್ನೊಂದು ತೊಡಕು ಇನ್ನೂ ಕುತೂಹಲಕರವಾದುದು. ತಾನಿರುವ ಡೈರೆಕ್ಟರಿಯ ಪೂರ್ಣನಾಮವನ್ನು ತಿಳಿಯಬೇಕಾದರೆ ಹಳೆಯ ಯುನಿಕ್ಸ್ ಒಂದೊಂದೇ ಮೆಟ್ಟಿಲು ಮೇಲೇರಿ, ತಾಯಿ ಡೈರೆಕ್ಟರಿಯಲ್ಲಿರುವ ಹೆಸರುಗಳನ್ನು ಒಂದೊಂದಾಗಿ ವಿಚಾರಿಸಿ, ತಾನು ಬಂದುದು ಯಾವುದರಿಂದ ಎಂದು ಗುರುತಿಸುತ್ತಿತ್ತು. ಹಾಗೆ ವಿಚಾರಿಸುವಾಗ ನಡುವೆ ಸತ್ತ ಸರ್ವರೊಂದರ ಜೋಡಣೆ ಸಿಕ್ಕಿದರೆ ಅಲ್ಲಿಯೇ ಸ್ತಂಭನ. ಆ ಸರ್ವರಿನ ಕಡತಗಳಿಗೂ ಈ ಬಳಕೆದಾರನಿಗೂ ಯಾವ ಸಂಬಂಧವೂ ಇಲ್ಲದಿದ್ದರೂ ಅವನು ಸಿಕ್ಕಿಬೀಳುತ್ತಿದ್ದ. ಆದ್ದರಿಂದ ಜೋಡಣೆಗಳನ್ನು ಮರದ ಬುಡದಲ್ಲಿ ಇಡದೆ, ಒಂದೊಂದು ಸರ್ವರಿಗೆ ಒಂದೊಂದು ಡೈರೆಕ್ಟರಿಯನ್ನು ಆಳದಲ್ಲಿ ಕಲ್ಪಿಸಿ, ಬಳಕೆಯ ಹೆಸರುಗಳನ್ನು ಸಾಂಕೇತಿಕ ಕೊಂಡಿಗಳ ಮೂಲಕ ಅಲ್ಲಿಗೆ ಮುಟ್ಟಿಸುವ ಪದ್ಧತಿ ರೂಢಿಗೆ ಬಂದಿತು.

ಈ ಎಲ್ಲ ಉಪಾಯಗಳ ಹಿಂದೆ ಒಂದೇ ತತ್ವವಿದೆ: ಬೇಕಿಲ್ಲದ ಜೋಡಣೆ ಇರದಿರುವುದೇ ಲೇಸು. ಸನ್ ಸಂಸ್ಥೆಯ ಬ್ರೆಂಟ್ ಕ್ಯಾಲಹನ್ ಮತ್ತು ಟಾಮ್ ಲಯನ್ ಇವರು ೧೯೮೯ರ ಯೂಸೆನಿಕ್ಸ್ ಚಳಿಗಾಲದ ಸಮ್ಮೇಳನದಲ್ಲಿ ವಿವರಿಸಿದ ‘ಆಟೋಮೌಂಟರ್’ ಈ ತತ್ವದ ಪರಿಪೂರ್ಣ ರೂಪ. ಬಳಕೆದಾರನು ಒಂದು ಹೆಸರನ್ನು ಉಚ್ಚರಿಸಿದಾಗ ಮಾತ್ರ ಜೋಡಣೆ ನಡೆಯುತ್ತದೆ. ಕೆಲವು ನಿಮಿಷಗಳ ಕಾಲ ಯಾರೂ ಬಳಸದಿದ್ದರೆ ತಾನಾಗಿ ಕಳಚಿಕೊಳ್ಳುತ್ತದೆ. ಒಂದೇ ಕಡತಸಮೂಹದ ಪ್ರತಿಗಳು ಹಲವು ಸರ್ವರುಗಳಲ್ಲಿದ್ದರೆ ಮೊದಲು ಉತ್ತರಿಸಿದವನನ್ನು ಆರಿಸಿಕೊಳ್ಳುತ್ತದೆ. ಇದನ್ನು ಸಾಧಿಸಿದ ಬಗೆ ಜಾಣತನದ್ದು: ಆಟೋಮೌಂಟರ್ ಸ್ವತಃ ಒಂದು ಪುಟ್ಟ ಎನ್.ಎಫ್.ಎಸ್. ಸರ್ವರಿನಂತೆ ನಟಿಸಿ, ನಿಜವಾದ ಜೋಡಣೆಯನ್ನು ಬೇರೆಡೆ ಮಾಡಿ, ಅಲ್ಲಿಗೆ ಸಾಂಕೇತಿಕ ಕೊಂಡಿಯನ್ನು ತೋರಿಸುತ್ತಿತ್ತು. ಆದರೆ ಕಾವಲುಗಾರನೇ ಮಲಗಿದರೆ? ಆ ಪ್ರೋಗ್ರಾಂ ತಾನೇ ಒಂದು ಸತ್ತ ಸರ್ವರಿನ ಉತ್ತರಕ್ಕಾಗಿ ನಿಂತರೆ ಅದರ ಅಧೀನದಲ್ಲಿದ್ದ ಎಲ್ಲ ಹೆಸರುಗಳೂ ನಿಂತುಹೋಗುತ್ತಿದ್ದವು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಯಾನ್-ಸೈಮನ್ ಪೆಂಡ್ರಿ ರಚಿಸಿದ ‘ಎ.ಎಂ.ಡಿ.’ ಈ ನ್ಯೂನತೆಯನ್ನು ನೀಗಿಸಲು ಎಲ್ಲಿಯೂ ನಿಲ್ಲದಂತೆ ಕೆಲಸಮಾಡುತ್ತ, ಸರ್ವರುಗಳು ಬದುಕಿವೆಯೇ ಎಂದು ಆಗಾಗ್ಗೆ ವಿಚಾರಿಸುತ್ತಿತ್ತು. ೧೯೯೩ರಲ್ಲಿ ಸನ್ ಸಂಸ್ಥೆಯವರು ‘ಆಟೋಎಫ್‌ಎಸ್’ ಎಂಬ ಹೆಸರಿನಲ್ಲಿ ಈ ಕೆಲಸದ ಮುಖ್ಯಭಾಗವನ್ನು ಕರ್ನಲ್ಲಿನೊಳಕ್ಕೆ ತಂದುದನ್ನು ವರದಿಮಾಡಿದರು. ಲಿನಕ್ಸ್ ಯಂತ್ರಗಳಲ್ಲಿ ಇಂದಿಗೂ ಬಳಕೆಯಲ್ಲಿರುವುದು ಇದೇ ಮಾರ್ಗ.

೫

ಇನ್ನು ಸರ್ವರಿನ ಮರೆವಿನ ಕಡೆಗೆ ಹಿಂದಿರುಗೋಣ. ಸರ್ವರ್ ಏನನ್ನೂ ನೆನಪಿಡುವುದಿಲ್ಲವೆಂಬ ಮಾತು ಮೊದಲ ದಿನದಿಂದಲೇ ಪೂರ್ತಿ ನಿಜವಾಗಿರಲಿಲ್ಲ. ಜೋಡಣೆಯ ಕೋರಿಕೆಯನ್ನು ಮೂಲ ಪ್ರೋಟೋಕಾಲಿನಿಂದ ಬೇರ್ಪಡಿಸಿ ಮತ್ತೊಂದು ಪ್ರೋಟೋಕಾಲಿಗೆ ಒಪ್ಪಿಸಿದ್ದರು. ಆ ಎರಡನೆಯದು ಯಾವ ಕ್ಲೈಂಟುಗಳು ತನ್ನನ್ನು ಜೋಡಿಸಿಕೊಂಡಿವೆಯೆಂಬ ಪಟ್ಟಿಯನ್ನು ಇಟ್ಟುಕೊಳ್ಳುತ್ತಿತ್ತು. ಪಟ್ಟಿ ಕಳೆದರೂ ಕೆಲಸ ಕೆಡದೆಂಬುದು ಸಮಾಧಾನ. ಕಡತಗಳಿಗೆ ಬೀಗ ಹಾಕುವ ವಿಷಯದಲ್ಲಿ ಈ ಸಮಾಧಾನಕ್ಕೆ ಅವಕಾಶವಿರಲಿಲ್ಲ. ಬೀಗ ಯಾರ ಕೈಯಲ್ಲಿದೆಯೆಂಬುದನ್ನು ಮರೆಯುವ ಸರ್ವರ್ ಬೀಗವನ್ನೇ ಕೊಡಲಾರದು. ಆದ್ದರಿಂದ ೧೯೮೦ರ ದಶಕದ ಉತ್ತರಾರ್ಧದಲ್ಲಿ ಬೀಗಗಳಿಗಾಗಿ ಪ್ರತ್ಯೇಕ ಸೇವೆಯನ್ನೂ, ಯಾರು ಬದುಕಿದ್ದಾರೆಂದು ನೋಡಿಕೊಳ್ಳುವ ಇನ್ನೊಂದು ಸೇವೆಯನ್ನೂ ಪಕ್ಕದಲ್ಲಿ ನಿಲ್ಲಿಸಿದರು. ಸರ್ವರ್ ಮರಳಿ ಎದ್ದಾಗ ಹಳೆಯ ಕ್ಲೈಂಟುಗಳಿಗೆ ತಿಳಿಸಿ, ಸ್ವಲ್ಪ ಕಾಲ ಹೊಸಬರಿಗೆ ಬೀಗ ಕೊಡದೆ, ಹಳಬರು ತಮ್ಮ ಬೀಗಗಳನ್ನು ಮರಳಿ ಪಡೆಯಲು ಅವಕಾಶ ಕೊಡುವುದು ಅದರ ಕ್ರಮ. ಈ ‘ಕೃಪಾವಧಿ’ಯನ್ನು ವಾಚಕರು ಮುಂದೆ ಮತ್ತೊಮ್ಮೆ ಕಾಣುವರು.

ಫೈಲ್ ಹ್ಯಾಂಡಲ್ ಸಹ ಒಂದು ರೀತಿಯ ನೆನಪೇ. ಅದರಲ್ಲಿ ಕಡತಸಮೂಹದ ಗುರುತು, ಕಡತದ ಸಂಖ್ಯೆ, ಆ ಸಂಖ್ಯೆ ಎಷ್ಟನೆಯ ಸಲ ಬಳಕೆಯಾಗಿದೆಯೆಂಬ ‘ಪೀಳಿಗೆ’ಯ ಸಂಖ್ಯೆ ಇವು ಅಡಕವಾಗಿರುತ್ತಿದ್ದವು. ಸರ್ವರಿನಲ್ಲಿ ಡಿಸ್ಕುಗಳ ಕ್ರಮಸಂಖ್ಯೆ ಬದಲಾದರೆ, ಅಥವಾ ಕಡತಗಳನ್ನು ಬೇರೆ ಡಿಸ್ಕಿಗೆ ಪ್ರತಿಮಾಡಿ ಇಟ್ಟರೆ, ಹಳೆಯ ಮುದ್ರೆಗಳು ಸಲ್ಲದಾಗುತ್ತಿದ್ದವು. ಆಗ ಹಾರ್ಡ್ ಜೋಡಣೆಯ ತಾಳ್ಮೆಯೂ ಉಪಯೋಗಕ್ಕೆ ಬಾರದು. ‘ಮುದ್ರೆ ಹಳಸಿದೆ’ ಎಂಬ ಉತ್ತರ ಬಂದರೆ ಕಳಚಿ ಮರಳಿ ಜೋಡಿಸುವುದೊಂದೇ ದಾರಿ.

ಎಲ್ಲಕ್ಕಿಂತ ಮಹತ್ವದ ಸಂಗತಿ ಮತ್ತೊಂದಿದೆ. ಕೇಳಿದ್ದನ್ನೇ ಮರಳಿ ಕೇಳುವುದು ನಿರಪಾಯವೆಂಬುದರ ಮೇಲೆ ಇಡೀ ವ್ಯವಸ್ಥೆ ನಿಂತಿತ್ತು. ಓದುವ ಕೋರಿಕೆಗೆ ಇದು ಸರಿ. ‘ಈ ಕಡತವನ್ನು ಅಳಿಸು’ ಎಂಬ ಕೋರಿಕೆಯಾದರೋ? ಸರ್ವರ್ ಅಳಿಸಿತು, ಉತ್ತರ ದಾರಿಯಲ್ಲಿ ಕಳೆಯಿತು, ಕ್ಲೈಂಟ್ ಮರಳಿ ಕೇಳಿತು, ‘ಅಂಥ ಕಡತವೇ ಇಲ್ಲ’ ಎಂದು ಉತ್ತರ ಬಂದಿತು. ಕೆಲಸ ಆಗಿಯೂ ಆಗಲಿಲ್ಲವೆಂಬ ವರದಿ. ತಡವಾಗಿ ತಲಪಿದ ನಕಲು ಕೋರಿಕೆಯು, ಅದೇ ಹೆಸರಿನಲ್ಲಿ ಆಮೇಲೆ ಹೊಸದಾಗಿ ಹುಟ್ಟಿದ ಕಡತವನ್ನು ಅಳಿಸಿಹಾಕುವ ಸಂಭವವೂ ಉಂಟು. ಡಿಜಿಟಲ್ ಸಂಸ್ಥೆಯ ಚೆಟ್ ಜಸ್‌ಚಾಕ್ ಎಂಬವರು ೧೯೮೯ರ ಅದೇ ಚಳಿಗಾಲದ ಸಮ್ಮೇಳನದಲ್ಲಿ ಇದಕ್ಕೆ ಪರಿಹಾರ ಸೂಚಿಸಿದರು. ಇತ್ತೀಚೆಗೆ ನೆರವೇರಿಸಿದ ಕೋರಿಕೆಗಳನ್ನು ಸರ್ವರ್ ಸ್ಮೃತಿಯಲ್ಲಿ ಇಟ್ಟುಕೊಂಡು, ನಕಲು ಬಂದರೆ ಕೆಲಸವನ್ನು ಮತ್ತೆ ಮಾಡದಿರಬೇಕು. ಸರ್ವರುಗಳನ್ನು ರಚಿಸಿದ ಇತರರೂ ಇದನ್ನು ಅನುಸರಿಸಿದರು. ಮರೆವಿನ ಮೇಲೆ ಕಟ್ಟಿದ ಮನೆಗೆ ಇಲ್ಲಿ ನೆನಪು ರಾಜಾರೋಷವಾಗಿ ಪ್ರವೇಶಿಸಿತೆಂದೇ ನಾವು ಹೇಳುತ್ತೇವೆ. ಆದರೆ ಈ ಸ್ಮೃತಿ ಸರ್ವರ್ ಕುಸಿದರೆ ಅಳಿದುಹೋಗುವಂಥದು. ಪ್ರೋಟೋಕಾಲಿನಲ್ಲಿ ಅದರ ಉಲ್ಲೇಖವೂ ಕಡ್ಡಾಯವಾಗಿರಲಿಲ್ಲ.

ಸಾಗಣೆಯ ವಿಷಯವನ್ನು ಸಂಕ್ಷೇಪವಾಗಿ ಹೇಳಿ ಮುಗಿಸಬಹುದು. ಮೊದಲಿನ ಎನ್.ಎಫ್.ಎಸ್. ಯು.ಡಿ.ಪಿ. ಎಂಬ ಹಗುರವಾದ ಸಾಗಣೆಯನ್ನು ಅವಲಂಬಿಸಿತ್ತು. ೮,೧೯೨ ಬೈಟುಗಳ ಒಂದು ಬರವಣಿಗೆ ಈಥರ್‌ನೆಟ್ಟಿನಲ್ಲಿ ೬ ತುಂಡುಗಳಾಗಿ ಹೋಗುತ್ತದೆ. ಒಂದು ತುಂಡು ಕಳೆದರೂ ಆರನ್ನೂ ಮರಳಿ ಕಳುಹಿಸಬೇಕು. ಒಂದೇ ಕಟ್ಟಡದೊಳಗೆ ಇದು ಸಾಗಿತು. ದೂರದ ಜಾಲಗಳಲ್ಲಿ ಸಾಗದಾಯಿತು. ಕೆನಡದ ರಿಕ್ ಮ್ಯಾಕ್ಲೆಮ್ ಅವರು ಬರ್ಕ್ಲಿ ಯುನಿಕ್ಸಿನ ‘ರೀನೋ’ ಆವೃತ್ತಿಗಾಗಿ ಟಿ.ಸಿ.ಪಿ. ಸಾಗಣೆಯನ್ನು ಅಳವಡಿಸಿ, ಅದರ ಅನುಭವವನ್ನು ೧೯೯೧ರಲ್ಲಿ ಪ್ರಕಟಿಸಿದರು. ಇಂದು ಟಿ.ಸಿ.ಪಿ.ಯದೇ ಪ್ರಾಬಲ್ಯ, ಲಿನಕ್ಸಿನಲ್ಲಿ ಟಿ.ಸಿ.ಪಿ. ಜೋಡಣೆಯ ಮೊದಲ ಕಾಯುವಿಕೆಯ ಅವಧಿ ಸೆಕೆಂಡಿನ ಭಾಗವಲ್ಲ, ೬೦ ಸೆಕೆಂಡುಗಳು.

೬

ಇಷ್ಟರಲ್ಲಿ ವಿರುದ್ಧಪಕ್ಷದವರೂ ಸುಮ್ಮನಿರಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಆಂಡ್ರೂ ವ್ಯವಸ್ಥೆಯಲ್ಲಿ ಯಾವ ಕ್ಲೈಂಟಿನ ಬಳಿ ಯಾವ ಕಡತದ ಪ್ರತಿಯಿದೆಯೆಂಬುದನ್ನು ಸರ್ವರ್ ನೆನಪಿಟ್ಟು, ಕಡತ ಬದಲಾದರೆ ಕರೆದು ತಿಳಿಸುತ್ತಿತ್ತು. ಬರ್ಕ್ಲಿಯ ಸ್ಪ್ರೈಟ್ ವ್ಯವಸ್ಥೆಯಲ್ಲಿ ಸರ್ವರ್ ಕುಸಿದು ಎದ್ದಾಗ ಕ್ಲೈಂಟುಗಳೇ ತಮ್ಮ ನೆನಪನ್ನು ತಂದು ಅದಕ್ಕೆ ಒಪ್ಪಿಸುತ್ತಿದ್ದವು. ಎಲ್ಲರೂ ಒಟ್ಟಿಗೆ ನುಗ್ಗಿ ಸರ್ವರ್ ಮತ್ತೆ ತತ್ತರಿಸುವ ಕಷ್ಟವೂ ಅಲ್ಲಿ ಅನುಭವಕ್ಕೆ ಬಂದಿತು. ಇವೆರಡಕ್ಕಿಂತ ಹೆಚ್ಚು ಫಲಕಾರಿಯಾದುದು ಸ್ಟ್ಯಾನ್‌ಫರ್ಡಿನ ಕ್ಯಾರಿ ಗ್ರೇ ಮತ್ತು ಡೇವಿಡ್ ಚೆರಿಟನ್ ಇವರು ೧೯೮೯ರಲ್ಲಿ ಮಂಡಿಸಿದ ‘ಗೇಣಿ’ಯ ಕಲ್ಪನೆ. ನೆನಪಿಗೆ ಅವಧಿಯನ್ನು ನಿಗದಿಪಡಿಸಬೇಕು; ಅವಧಿ ತೀರುವ ಮೊದಲು ಕ್ಲೈಂಟ್ ನವೀಕರಿಸಿಕೊಳ್ಳದಿದ್ದರೆ ಹಕ್ಕು ತಾನಾಗಿ ಬಿದ್ದುಹೋಗಬೇಕು. ಕ್ಲೈಂಟ್ ಸತ್ತಿದೆಯೋ ದಾರಿ ಕೆಟ್ಟಿದೆಯೋ ಎಂದು ಸರ್ವರ್ ತಲೆಕೆಡಿಸಿಕೊಳ್ಳಬೇಕಾಗಿಲ್ಲ, ಗಡಿಯಾರವೇ ತೀರ್ಮಾನಿಸುತ್ತದೆ.

ಎನ್.ಎಫ್.ಎಸ್. ಈ ಮಾರ್ಗಕ್ಕೆ ಬಂದುದು ನಿಧಾನವಾಗಿ. ೧೯೯೫ರ ಜೂನಿನಲ್ಲಿ ಆರ್.ಎಫ್.ಸಿ. ೧೮೧೩ ಎಂದು ಪ್ರಕಟವಾದ ಮೂರನೆಯ ಆವೃತ್ತಿಯು ಮರೆವಿನ ತತ್ವವನ್ನು ಬಿಡಲಿಲ್ಲ. ಆದರೆ ಬರವಣಿಗೆಯಲ್ಲಿ ಒಂದು ಹೊಸ ಒಪ್ಪಂದವನ್ನು ಮಾಡಿತು. ಎರಡನೆಯ ಆವೃತ್ತಿಯಲ್ಲಿ ಅಕ್ಷರಗಳು ಡಿಸ್ಕನ್ನು ಮುಟ್ಟಿದ ಮೇಲೆಯೇ ಸರ್ವರ್ ಉತ್ತರಿಸಬೇಕಾಗಿದ್ದಿತು. ಇದು ಕ್ಷೇಮ, ಆದರೆ ಬಲು ನಿಧಾನ. ವೇಗದ ಆಸೆಗೆ ಡಿಸ್ಕನ್ನು ಮುಟ್ಟುವ ಮೊದಲೇ ‘ಬರೆದಾಯಿತು’ ಎಂದು ಉತ್ತರಿಸುವಂತೆ ಸರ್ವರನ್ನು ಹೊಂದಿಸುತ್ತಿದ್ದವರೂ ಇದ್ದರು. ವಿದ್ಯುತ್ತು ಹೋದರೆ ಆ ಮಾತು ಸುಳ್ಳಾಗುತ್ತಿತ್ತು. ಮೂರನೆಯ ಆವೃತ್ತಿಯಲ್ಲಿ ಸರ್ವರ್ ಬೇಗನೆ ಉತ್ತರಿಸಬಹುದು. ಆದರೆ ‘ಇನ್ನೂ ಭದ್ರವಾಗಿಲ್ಲ’ ಎಂದು ಹೇಳಿ, ಜೊತೆಗೆ ಒಂದು ಗುರುತುಸಂಖ್ಯೆಯನ್ನು ಕೊಡಬೇಕು. ಕ್ಲೈಂಟ್ ಆ ಅಕ್ಷರಗಳ ಪ್ರತಿಯನ್ನು ಕಾದಿರಿಸಿಕೊಂಡು, ಆಮೇಲೆ ‘ಭದ್ರಪಡಿಸು’ ಎಂದು ಕೇಳುತ್ತದೆ. ಅಷ್ಟರಲ್ಲಿ ಸರ್ವರ್ ಕುಸಿದು ಎದ್ದಿದ್ದರೆ ಗುರುತುಸಂಖ್ಯೆ ಬದಲಾಗಿರುತ್ತದೆ. ಕ್ಲೈಂಟ್ ಅದನ್ನು ಕಂಡು ಎಲ್ಲವನ್ನೂ ಮರಳಿ ಕಳುಹಿಸುತ್ತದೆ. ಎನ್.ಎಫ್.ಎಸ್. ಚರಿತ್ರೆಯಲ್ಲಿ ಇಷ್ಟು ಸ್ವಲ್ಪದರಿಂದ ಇಷ್ಟು ಪ್ರಯೋಜನ ದೊರೆತ ಸುಧಾರಣೆ ಇನ್ನೊಂದಿಲ್ಲವೆಂದು ನಮಗೆ ತೋರುತ್ತದೆ.

೧೯೯೮ರ ಮೇ ತಿಂಗಳಲ್ಲಿ ಪ್ರಕಟವಾದ ಒಪ್ಪಂದದ ಮೂಲಕ ಸನ್ ಸಂಸ್ಥೆಯು ನಾಲ್ಕನೆಯ ಆವೃತ್ತಿಯ ಮೇಲಣ ಅಧಿಕಾರವನ್ನು ಅಂತರಜಾಲದ ವಿಧಿನಿರ್ಮಾಪಕ ಮಂಡಲಿಗೆ ಒಪ್ಪಿಸಿತು. ಆ ಆವೃತ್ತಿ ಮೊದಲು ೨೦೦೦ದಲ್ಲಿಯೂ, ಪರಿಷ್ಕೃತವಾಗಿ ೨೦೦೩ರಲ್ಲಿಯೂ ಹೊರಬಂದಿತು. ‘ತೆರೆ’, ‘ಮುಚ್ಚು’ ಎಂಬ ಕೋರಿಕೆಗಳು ಪ್ರೋಟೋಕಾಲಿನೊಳಗೆ ಕಾಣಿಸಿಕೊಂಡವು. ಜೋಡಣೆಗೂ ಬೀಗಕ್ಕೂ ಬೇರೆಬೇರೆಯಾಗಿದ್ದ ಸೇವೆಗಳು ಮಾಯವಾಗಿ ಎಲ್ಲವೂ ಒಂದೇ ಬಾಗಿಲಿಗೆ, ೨೦೪೯ನೆಯ ಪೋರ್ಟಿಗೆ, ಬಂದವು. ಗೇಣಿಯೂ ಕೃಪಾವಧಿಯೂ ಮೂಲವಿಧಿಯ ಭಾಗಗಳಾದವು; ಲಿನಕ್ಸ್ ಸರ್ವರಿನಲ್ಲಿ ಗೇಣಿಯ ಸಾಮಾನ್ಯ ಅವಧಿ ೯೦ ಸೆಕೆಂಡುಗಳು. ೨೦೧೦ರ ಜನವರಿಯಲ್ಲಿ ಬಂದ ೪.೧ ಎಂಬ ಆವೃತ್ತಿಯಲ್ಲಿ ಪ್ರತಿ ಕ್ಲೈಂಟಿಗೂ ಒಂದು ಅಧಿವೇಶನವನ್ನು ಕಲ್ಪಿಸಿ, ಕೋರಿಕೆಗಳಿಗೆ ಕ್ರಮಸಂಖ್ಯೆ ಕೊಟ್ಟು, ಪ್ರತಿಯೊಂದೂ ಒಂದೇ ಸಲ ನೆರವೇರುವಂತೆ ವಿಧಿಸಿದರು. ಜಸ್‌ಚಾಕರ ಐಚ್ಛಿಕ ಉಪಾಯವು ೨೧ ವರ್ಷಗಳ ಅನಂತರ ಶಾಸನವಾಯಿತು.

ಕಾಯುವ ಮನುಷ್ಯನ ಕಷ್ಟಕ್ಕೂ ಒಂದು ಪರಿಹಾರ ದೊರೆತುದನ್ನು ಹೇಳಬೇಕು. ಇಂಟರ್ ಸೂಚನೆಯಿಂದ ಕಾಯುತ್ತಿರುವ ಪ್ರೋಗ್ರಾಮನ್ನು ಯಾವ ಸಣ್ಣ ಸಂಕೇತವೂ ಎಬ್ಬಿಸಬಹುದಾಗಿದ್ದಿತು; ಅರ್ಧದಲ್ಲಿ ಎದ್ದ ಪ್ರೋಗ್ರಾಂ ಸಿದ್ಧವಿಲ್ಲದ ದೋಷವನ್ನು ಎದುರಿಸಬೇಕಾಗುತ್ತಿತ್ತು. ಮ್ಯಾಥ್ಯೂ ವಿಲ್ಕಾಕ್ಸ್ ಅವರು ಲಿನಕ್ಸ್ ಕರ್ನಲ್ಲಿಗೆ ಒಂದು ಮಧ್ಯಮಸ್ಥಿತಿಯನ್ನು ಸೇರಿಸಿದರು: ಮಲಗಿದ ಪ್ರೋಗ್ರಾಮನ್ನು ಎಬ್ಬಿಸಲಾಗದು, ಆದರೆ ಕೊಲ್ಲಬಹುದು. ಸತ್ತ ಪ್ರೋಗ್ರಾಂ ದೋಷಸೂಚನೆಯನ್ನು ಕಡೆಗಣಿಸಿ ತಪ್ಪು ಕೆಲಸ ಮಾಡಲಾರದಷ್ಟೆ. ೨೦೦೮ರ ಏಪ್ರಿಲಿನಲ್ಲಿ ಹೊರಬಂದ ೨.೬.೨೫ ಆವೃತ್ತಿಯಿಂದ ಈಚೆಗೆ ಇಂಟರ್ ಎಂದು ಪಟ್ಟಿಯಲ್ಲಿ ಬರೆದರೂ ಲಿನಕ್ಸ್ ಅದನ್ನು ಗಣಿಸುವುದಿಲ್ಲ. ಹಳೆಯ ಪಟ್ಟಿಗಳಿಂದ ಪ್ರತಿಮಾಡುವ ಯಂತ್ರಪಾಲಕರು ಆ ಪದವನ್ನು ಇಂದಿಗೂ ಬರೆಯುತ್ತಿರುವುದುಂಟು. ಹಾರ್ಡ್ ಎಂಬುದನ್ನು ಮಾತ್ರ ಬರೆಯಬೇಕಾಗಿಲ್ಲ: ಬೇರೇನೂ ಹೇಳದಿದ್ದರೆ ಲಿನಕ್ಸ್ ಯಂತ್ರವು ನಾಲ್ಕನೆಯ ಆವೃತ್ತಿಯಲ್ಲಿಯೂ ಹಾಗೆಯೇ ಜೋಡಿಸಿಕೊಂಡು, ಸರ್ವರ್ ಉತ್ತರಿಸುವವರೆಗೆ ಕೇಳುತ್ತಿರುತ್ತದೆ.